ಇಂದಿನ ಧಮ್ಮ ಚಿಂತನೆ: ‘ಬೇಡ’ ಎನ್ನುವ ಶಕ್ತಿ ಎಲ್ಲಿಂದ ಬರುತ್ತದೆ?





2021ರ ಜೂನ್ ತಿಂಗಳಲ್ಲಿ ನಮ್ಮ ಗುಂಪಿಗೆ ಸುತ್ತಗಳ ಬಗ್ಗೆ ಬಂದ ಪ್ರಶ್ನೆಗಳಿಗಿಂತ ಕೆಲಸದ ಬಗ್ಗೆ ಬಂದ ಪ್ರಶ್ನೆಗಳೇ ಹೆಚ್ಚು. ಆ ವರ್ಷದ ಏಪ್ರಿಲ್ 27ರಿಂದ ಮುಚ್ಚಿದ ಹೋಟೆಲು, ಅಂಗಡಿ, ಖಾಸಗಿ ಶಾಲೆಗಳಲ್ಲಿ ಕೆಲವು ಮತ್ತೆ ತೆರೆಯುವುದಿಲ್ಲ ಎಂದು ಆಗ ಗೊತ್ತಾಗುತ್ತಿತ್ತು. 2020ರಲ್ಲಿ ಕೆಲಸ ಹೋಗಿ, ಹೇಗೋ ಮತ್ತೊಂದು ಹಿಡಿದವರಿಗೆ 2021ರಲ್ಲಿ ಅದೂ ಹೋಗಿತ್ತು. ಹಲವರು ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ: “ಅಷ್ಟಾಂಗ ಮಾರ್ಗದಾಗ ಸಮ್ಯಕ್ ಆಜೀವ ಅಂತ ಕಲಿಸ್ತೀರಿ. ಸಿಕ್ಕಿರೋದೇ ಒಂದು ಕೆಲಸ, ಅದೂ ಸರಿ ಇಲ್ಲ ಅಂದ್ರ ಏನ್ ಮಾಡ್ಬೇಕು? ಉಪವಾಸ ಇರಬೇಕೇನು?”

ಇದು ತಮಾಷೆಯ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಕೊಡಲಾಗದಿದ್ದರೆ ನಮ್ಮ ಭಾನುವಾರದ ಪಾಠಗಳಿಗೆ ಅರ್ಥವಿಲ್ಲ. ನಾನೂ 2020ರಲ್ಲಿ ಕೆಲಸ ಹುಡುಕಿದವನೇ. ಆಗ ನೋಡಿದ್ದು, ಓದಿದ್ದು, ಯೋಚಿಸಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಬುದ್ಧರು ಹೇಳಿದ್ದೇನು ಎಂದು ನೋಡೋಣ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯ ಹೇಳುತ್ತದೆ: ಆಯುಧದ ವ್ಯಾಪಾರ, ಜೀವಿಗಳ ವ್ಯಾಪಾರ, ಮಾಂಸದ ವ್ಯಾಪಾರ, ಮಾದಕ ವಸ್ತುಗಳ ವ್ಯಾಪಾರ, ವಿಷದ ವ್ಯಾಪಾರ. ಈ ಪಟ್ಟಿಯನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಇಲ್ಲಿರುವ ಮಾತು ‘ವ್ಯಾಪಾರ’. ಬಂಡವಾಳ ಹಾಕಿ ಲಾಭ ಪಡೆಯುವವನನ್ನು ಕುರಿತ ಮಾತು. ನಮ್ಮಲ್ಲಿ ಹೆಚ್ಚಿನವರು ವ್ಯಾಪಾರ ಮಾಡುವವರಲ್ಲ, ದುಡಿಮೆ ಮಾರುವವರು. ನಮಗೆ ಪಟ್ಟಿಗಿಂತ ಅದರ ಹಿಂದಿನ ತತ್ವ ಬೇಕು. ಅದನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸರಳವಾಗಿ ಬಿಡಿಸಿದ್ದಾರೆ. ಬದುಕಲು ಎಲ್ಲರೂ ಗಳಿಸಲೇಬೇಕು. ಬೇರೆಯವರಿಗೆ ನೋವು ಅಥವಾ ಅನ್ಯಾಯ ಮಾಡದ ಗಳಿಕೆ ಒಳ್ಳೆಯದು, ಮಾಡುವ ಗಳಿಕೆ ಕೆಟ್ಟದ್ದು. ಅವರ ವಿವರಣೆಯ ಸಾರ ಇಷ್ಟೇ. ಕೈ ಕೊಳೆಯಾಗುವ ಕೆಲಸ ಕೆಟ್ಟದ್ದು, ಕುರ್ಚಿಯ ಕೆಲಸ ಒಳ್ಳೆಯದು ಎಂದು ಅಲ್ಲಿ ಎಲ್ಲೂ ಇಲ್ಲ.

ಈ ಅಳತೆಗೋಲು ಹಿಡಿದು ನನ್ನ ಮುಂದೆ ಬಂದ ಕೆಲಸಗಳನ್ನು ನೋಡುತ್ತೇನೆ.

2020ರ ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆದಾಗ ನಾನು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಏಪ್ರಿಲ್ ಸಂಬಳ ಬರಲಿಲ್ಲ. ಮೇ ತಿಂಗಳಲ್ಲಿ ‘ಇನ್ನು ಬರಬೇಡಿ’ ಎಂಬ ಮೆಸೇಜು ಬಂತು. ಬಾಡಿಗೆ ಕಟ್ಟಲಾಗದೆ ಕಲಬುರಗಿ ಜಿಲ್ಲೆಯ ನಮ್ಮ ಊರಿಗೆ ಬಂದೆ. ಅಲ್ಲಿಂದ ಮೊಬೈಲಿನಲ್ಲೇ ಕೆಲಸ ಹುಡುಕಾಟ. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಬಿಸಿಲಿನಲ್ಲಿ ತಲೆಗೆ ಟವೆಲ್ ಹಾಕಿಕೊಂಡು ಕೂತು ರೆಸ್ಯೂಮ್ ಕಳಿಸುತ್ತಿದ್ದೆ. ಕೆಲವರು ಫೋನ್ ಮಾಡಿದರು. ಅನುಭವ ಕೇಳಿದರು, ಟ್ಯಾಲಿ ಬರುತ್ತದಾ ಎಂದು ಕೇಳಿದರು, ಆಮೇಲೆ ನಿಧಾನಕ್ಕೆ “ನಿಮ್ಮ ಮನೆದೇವರು ಯಾವುದು?” ಎಂದೂ ಕೇಳಿದರು. ಲೆಕ್ಕ ಬರೆಯಲು ಮನೆದೇವರು ಯಾಕೆ ಬೇಕು ಎಂದು ನಿಮಗೆಲ್ಲ ಗೊತ್ತಿದೆ.

ಆ ಮೂರು ತಿಂಗಳಲ್ಲಿ ಮೂರು ಕೆಲಸ ಎದುರಿಗೆ ಬಂದವು.

ಒಂದು, ಉದ್ಯೋಗ ಖಾತ್ರಿ. ಕೆರೆಯ ಹೂಳು ತೆಗೆಯುವ ಕೆಲಸ. ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 275 ರೂಪಾಯಿ ಕೂಲಿ. ನಾನು ಗುದ್ದಲಿ ಹಿಡಿದು ಹೋದ ದಿನ ಓಣಿಯ ಕಾಕಾ ಒಬ್ಬರು, “ಬಿ.ಕಾಂ. ಕಲ್ತು ಮಣ್ಣು ಹೊರ್ಲಿಕತ್ತಿ ಏನೋ ತಮ್ಮಾ” ಎಂದರು. ನಮ್ಮವ್ವ ಅಂದು ಸಂಜೆ ಮಾತಾಡಲಿಲ್ಲ. ಆಮೇಲೆ, “ನಿಮ್ಮಪ್ಪ ಕೂಲಿ ಮಾಡಿ ನಿನ್ನ ಓದಿಸಿದ್ದು ನೀನೂ ಕೂಲಿ ಮಾಡ್ಲಿ ಅಂತಲ್ಲ” ಎಂದಳು. ಅವಳ ನೋವು ಸುಳ್ಳಲ್ಲ.

ಎರಡು, ಒಬ್ಬ ಗುತ್ತಿಗೆದಾರ ಊರಿಗೆ ಬಂದ. ಪಟ್ಟಣದಲ್ಲಿ ಚರಂಡಿ ಬಳಿಯಲು, ಆಸ್ಪತ್ರೆಯ ಕಸ ಸಾಗಿಸಲು, ಬೇಕಾದರೆ ಹೆಣ ಎತ್ತಲು ಹುಡುಗರು ಬೇಕಾಗಿದ್ದರು. ಊರಲ್ಲಿ ಕೆಲಸ ಕಳೆದುಕೊಂಡು ಬಂದ ಹುಡುಗರು ಎಲ್ಲ ಓಣಿಗಳಲ್ಲೂ ಇದ್ದರು. ಅವನು ಬಂದದ್ದು ನಮ್ಮ ಓಣಿಗೆ ಮಾತ್ರ. ಗ್ಲೌಸ್ ಕೊಡ್ತೀರಾ, ಪಿಎಫ್ ಇದೆಯಾ ಎಂದು ಕೇಳಿದ್ದಕ್ಕೆ, “ಮೊದಲು ಬರ್ರಿ, ಆಮ್ಯಾಲ ನೋಡೋಣು” ಎಂದ.

ಮೂರು, ಜುಲೈಯಲ್ಲಿ ಮೊಬೈಲಿನಿಂದ ಸಾಲ ಕೊಡುವ ಒಂದು ಆ್ಯಪಿನ ವಸೂಲಿ ವಿಭಾಗದ ಕೆಲಸ. ಮನೆಯಿಂದಲೇ ಮಾಡಬಹುದು. 16 ಸಾವಿರ ಸಂಬಳ, ವಸೂಲಾದಷ್ಟಕ್ಕೆ ಮೇಲೆ ಇನ್‌ಸೆಂಟಿವ್. ಮಾತಾಡುವ ರೀತಿ ಹೀಗಿರಬೇಕು ಎಂದು ಒಂದು ಬರಹ ಕಳಿಸಿದರು. ಸಾಲ ತೆಗೆದುಕೊಂಡವರ ಮೊಬೈಲಿನಲ್ಲಿದ್ದ ಎಲ್ಲ ನಂಬರುಗಳೂ ಕಂಪನಿಯ ಬಳಿ ಇರುತ್ತವೆ. ಅವರು ಕಟ್ಟದಿದ್ದರೆ ಅವರ ಅಕ್ಕನಿಗೆ, ಮಾವನಿಗೆ, ಮಕ್ಕಳ ಮೇಷ್ಟ್ರಿಗೆ ಫೋನ್ ಮಾಡಿ ‘ಇವರು ಮೋಸಗಾರರು’ ಎಂದು ಹೇಳಬೇಕು. ಯಾರಿಗೆ? ನನ್ನ ಹಾಗೆಯೇ ಕೆಲಸ ಹೋಗಿ, ರೇಷನ್ನಿಗೆ, ಔಷಧಿಗೆ ಮೂರು ಸಾವಿರ, ಐದು ಸಾವಿರ ಸಾಲ ತೆಗೆದವರಿಗೆ. ಅದೇ ವರ್ಷದ ಕೊನೆಗೆ ಇಂಥ ಕಿರುಕುಳದಿಂದ ತೆಲಂಗಾಣದಲ್ಲಿ ಜನ ಆತ್ಮಹತ್ಯೆ ಮಾಡಿಕೊಂಡದ್ದು, ಪೊಲೀಸರು ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದ್ದು, 2021ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಪರಿಶೀಲಿಸಲು ತಂಡ ನೇಮಿಸಿದ್ದು ನಿಮಗೆ ನೆನಪಿರಬಹುದು.

ಊರಿನ ಲೆಕ್ಕದಲ್ಲಿ ಈ ಮೂರರಲ್ಲಿ ಗೌರವದ ಕೆಲಸ ಮೂರನೆಯದು. ಲ್ಯಾಪ್‌ಟಾಪ್, ಸಂಬಳ, ನೆರಳು. ಧಮ್ಮದ ಲೆಕ್ಕ ಬೇರೆ.

ಹೂಳು ತೆಗೆಯುವ ಕೆಲಸದಿಂದ ಯಾರಿಗೂ ನೋವಿಲ್ಲ, ಕೆರೆಗೆ ನೀರು ಬರುತ್ತದೆ. ಆ ಕೆಲಸ ನನಗೆ ಬಂದದ್ದು ಹುಟ್ಟಿನಿಂದಲ್ಲ. ಎಲ್ಲ ಓಣಿಯವರೂ ಅಲ್ಲಿದ್ದರು, ಎಲ್ಲರಿಗೂ ಒಂದೇ ಅಳತೆ, ಕೂಲಿ ಬ್ಯಾಂಕ್ ಖಾತೆಗೆ ಬರುತ್ತಿತ್ತು, ನಾಳೆ ಬೇಡವೆಂದರೆ ಬಿಡಬಹುದಿತ್ತು. ನಮ್ಮವ್ವನ ನೋವಿಗೆ ಕಾರಣ ಬೇರೆ. ನಮ್ಮ ಹಿರಿಯರಿಗೆ ದೈಹಿಕ ದುಡಿಮೆ ಎಂದೂ ಬರೀ ದುಡಿಮೆಯಾಗಿರಲಿಲ್ಲ, ಅದು ಹುಟ್ಟಿನೊಂದಿಗೆ ಅಂಟಿದ್ದ ಚಾಕರಿ. ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ದುಡಿಮೆಯ ವಿರುದ್ಧವಲ್ಲ, ಬಿಡಲಾಗದ ದುಡಿಮೆಯ ವಿರುದ್ಧ. ಜಾತಿ ಎಂದರೆ ಕೆಲಸಗಳ ವಿಂಗಡಣೆ ಮಾತ್ರವಲ್ಲ, ಕೆಲಸಗಾರರ ವಿಂಗಡಣೆ ಎಂದು ಅವರು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿಕೊಟ್ಟರು. ಅದೇ ಪುಸ್ತಕದಲ್ಲಿ ನಾವು ಕಡಿಮೆ ನೆನೆಯುವ ಇನ್ನೊಂದು ಮಾತಿದೆ. ಒಂದು ಕಸುಬು ಬಿದ್ದಾಗ ಇನ್ನೊಂದಕ್ಕೆ ಹೋಗಲು ಜಾತಿ ಬಿಡುವುದಿಲ್ಲ, ಹೀಗಾಗಿ ನಿರುದ್ಯೋಗಕ್ಕೆ ಜಾತಿಯೇ ನೇರ ಕಾರಣವಾಗುತ್ತದೆ ಎಂಬುದು. ಕೊರೊನಾ ಕಾಲದಲ್ಲಿ ಕೆಲಸ ಹುಡುಕಿದವರಿಗೆ ಇದು ಪುಸ್ತಕದ ಮಾತಾಗಿ ಉಳಿದಿಲ್ಲ.

ಎರಡನೆಯ ಕೆಲಸದ ವಿಷಯದಲ್ಲಿ ನಾವು ಎಚ್ಚರದಿಂದ ಮಾತಾಡಬೇಕು. ಹೆಣ ಎತ್ತುವುದು, ಊರು ಸ್ವಚ್ಛ ಮಾಡುವುದು ಕೆಟ್ಟ ಆಜೀವವಲ್ಲ. ಕೊರೊನಾದ ಆ ಎರಡು ವರ್ಷ ಆ ಕೆಲಸ ಮಾಡಿದವರಿಂದಲೇ ನಾವು ಉಳಿದಿದ್ದೇವೆ. ಕೆಟ್ಟದ್ದು ಇರುವುದು ಅದನ್ನು ಕೊಡುವ ರೀತಿಯಲ್ಲಿ: ಒಂದೇ ಓಣಿಗೆ ಬಂದು ಕೇಳುವುದು, ಗ್ಲೌಸ್ ಕೊಡದಿರುವುದು, ಪಿಎಫ್ ಕೊಡದಿರುವುದು. ಆ ಅನ್ಯಾಯ ಮಾಡುವವನು ಗುತ್ತಿಗೆದಾರ ಮತ್ತು ಅವನ ಹಿಂದಿನ ಸಮಾಜ. ಹಸಿವಿಗೆ ಆ ಕೆಲಸ ಹಿಡಿದ ಹುಡುಗನ ಆಜೀವ ‘ಮಿಥ್ಯಾ’ ಎಂದು ಯಾರೂ ಹೇಳಕೂಡದು. ಅವನಿಗೆ ಅನ್ಯಾಯವಾಗಿದೆ, ಅವನು ಅನ್ಯಾಯ ಮಾಡಿಲ್ಲ. ಈ ಎರಡನ್ನೂ ಬೆರೆಸಿದರೆ ಶೋಷಿತನ ಮೇಲೇ ಪಾಪ ಹೊರಿಸುವ ಹಳೆಯ ಶಾಸ್ತ್ರಕ್ಕೆ ನಾವು ಮರಳಿದಂತೆ. ಆ ಶಾಸ್ತ್ರವನ್ನು ನಾವು ಬಿಟ್ಟು ಬಂದಿದ್ದೇವೆ.

ಮೂರನೆಯ ಕೆಲಸ ಬೇರೆ ತರಹದ್ದು. ಅಲ್ಲಿ ನೋವು ನನ್ನ ಮೂಲಕ, ನನ್ನ ಬಾಯಿಂದ ಇನ್ನೊಬ್ಬರಿಗೆ ತಲುಪುತ್ತದೆ. ಅದು ಸಮ್ಯಕ್ ಆಜೀವವೂ ಅಲ್ಲ, ಸಮ್ಯಕ್ ವಾಚಾ ಕೂಡ ಅಲ್ಲ. ನಾನು ಅದನ್ನು ಬೇಡ ಎಂದೆ.

ಇಲ್ಲಿಗೆ ನಿಲ್ಲಿಸಿದರೆ ಇದು ನನ್ನನ್ನು ನಾನೇ ಹೊಗಳಿಕೊಂಡ ಕಥೆಯಾಗುತ್ತದೆ. ನಿಜ ಹೇಳಬೇಕೆಂದರೆ ಆ ‘ಬೇಡ’ ನನ್ನೊಬ್ಬನದಲ್ಲ. ಜುಲೈಯಲ್ಲಿ ನಮ್ಮ ಮನೆಯಲ್ಲಿ ಅಕ್ಕಿ ಇತ್ತು, ಏಕೆಂದರೆ ಈ ಅಧ್ಯಯನ ವೃತ್ತದವರು ಜೂನ್‌ನಲ್ಲಿ ಮನೆಮನೆಗೆ ಅಕ್ಕಿ, ತೊಗರಿಬೇಳೆ, ಎಣ್ಣೆ ಮುಟ್ಟಿಸಿದ್ದರು. ನಮ್ಮಕ್ಕ ತನ್ನ ಸಂಬಳದಲ್ಲಿ ತಿಂಗಳಿಗೆ ಎರಡು ಸಾವಿರ ಕಳಿಸುತ್ತಿದ್ದಳು. ಉದ್ಯೋಗ ಖಾತ್ರಿಯ ಕೂಲಿ ಖಾತೆಗೆ ಬಂದಿತ್ತು. ಇಷ್ಟು ಇದ್ದದ್ದರಿಂದ ಫೋನಿನಲ್ಲಿ ‘ಬೇಡ ಸರ್’ ಎನ್ನಲು ನನಗೆ ಬಾಯಿ ಬಂತು.

ಅದೇ ಹೋಟೆಲಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಅದೇ ಆ್ಯಪಿನ ಕೆಲಸ ಹಿಡಿದಳು. ಗಂಡನಿಗೆ ಡಯಾಲಿಸಿಸ್, ಇಬ್ಬರು ಮಕ್ಕಳು, ಹಿಂದೆ ಯಾರೂ ಇರಲಿಲ್ಲ. ಒಮ್ಮೆ ಫೋನ್ ಮಾಡಿದಾಗ ಹೇಳಿದಳು: “ಅಣ್ಣಾ, ನಾನು ಸಾಲ ತಗೊಂಡವರಿಗಷ್ಟೇ ಫೋನ್ ಮಾಡ್ತೀನಿ, ಅವರ ಮನೆಯವರಿಗೆ ಮಾಡಲ್ಲ. ಅದಕ್ಕೆ ನನ್ನ ಇನ್‌ಸೆಂಟಿವ್ ಪೂರ್ತಿ ಕಟ್ ಆಗುತ್ತೆ.” ಈಗ ಹೇಳಿ, ನಾನು ಅವಳಿಗಿಂತ ಶೀಲವಂತನೇ? ನನಗೆ ‘ಬೇಡ’ ಎನ್ನಲು ಏನೂ ಖರ್ಚಾಗಲಿಲ್ಲ, ಬೇರೆಯವರು ಖರ್ಚು ಮಾಡಿದ್ದರು. ಅವಳು ಆ ಕೆಟ್ಟ ಕೆಲಸದ ಒಳಗೇ ಪ್ರತಿ ತಿಂಗಳು ತನ್ನ ದುಡ್ಡು ಕಳೆದುಕೊಂಡು ಒಂದು ಗೆರೆ ಕಾಯುತ್ತಿದ್ದಳು. ಚೇತನವೇ ಕರ್ಮ ಎಂದು ಬುದ್ಧರು ಹೇಳಿದ್ದಾರೆ. ಚೇತನ ನೋಡಿದರೆ ನನ್ನ ತಕ್ಕಡಿಗಿಂತ ಅವಳ ತಕ್ಕಡಿ ಹಗುರವೆಂದು ಹೇಳುವ ಧೈರ್ಯ ನನಗಿಲ್ಲ. ಆ ಕೆಲಸ ಸರಿಯಲ್ಲ ಎಂಬುದೂ ಬದಲಾಗುವುದಿಲ್ಲ. ಎರಡೂ ಸತ್ಯ.

ಹಾಗಾದರೆ ತಪ್ಪು ಎಲ್ಲಿದೆ? ಅವಳ ಹಿಂದೆ ಯಾರೂ ಇರಲಿಲ್ಲ ಎಂಬುದರಲ್ಲಿದೆ.

ಇದು ನನ್ನ ಸ್ವಂತ ಕಲ್ಪನೆಯಲ್ಲ. ಬಾಬಾಸಾಹೇಬರು 1947ರಲ್ಲಿ ಸಂವಿಧಾನ ಸಭೆಗಾಗಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಬರೆದ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಮನವಿಯಲ್ಲಿ ಕೆಲಸವಿಲ್ಲದವನನ್ನು ಮುಂದೆ ನಿಲ್ಲಿಸಿ ಕೇಳುತ್ತಾರೆ. ಹೊತ್ತು ಗೊತ್ತಿಲ್ಲದ, ಸಂಘ ಕಟ್ಟಲು ಬಿಡದ ಒಂದು ಕೆಲಸ ಒಂದು ಕಡೆ, ಮಾತಿನ, ಧರ್ಮದ, ಸಂಘಟನೆಯ ಸ್ವಾತಂತ್ರ್ಯ ಇನ್ನೊಂದು ಕಡೆ ಇಟ್ಟರೆ ಅವನು ಯಾವುದನ್ನು ಆರಿಸುತ್ತಾನೆ? ಉತ್ತರ ಎಲ್ಲರಿಗೂ ಗೊತ್ತು. ಉಪವಾಸದ ಭಯ, ಮನೆ ಹೋಗುವ ಭಯ, ಮಕ್ಕಳ ಓದು ನಿಲ್ಲುವ ಭಯ ಇರುವಲ್ಲಿ ಮೂಲಭೂತ ಹಕ್ಕುಗಳು ಬೆಲೆ ಕಳೆದುಕೊಳ್ಳುತ್ತವೆ ಎಂಬುದು ಅವರ ವಾದ. ನಮ್ಮ ಗುಂಪಿನಲ್ಲೇ ನೋಡಿ. ಇಂಟರ್‌ವ್ಯೂ ಇದೆ ಎಂದು ವಾಟ್ಸಾಪ್ ಡಿಪಿಯಿಂದ ಬಾಬಾಸಾಹೇಬರ ಫೋಟೊ ತೆಗೆದವರಿದ್ದಾರೆ. ಅವರನ್ನು ಹೇಡಿಗಳು ಎನ್ನುವುದು ಸುಲಭ. ಬಾಬಾಸಾಹೇಬರು ಹಾಗೆನ್ನುತ್ತಿರಲಿಲ್ಲ, ಆ ಭಯವನ್ನು ಹುಟ್ಟಿಸಿದವರು ಯಾರು ಎಂದು ಕೇಳುತ್ತಿದ್ದರು.

ಕಾನೂನೂ ಇದನ್ನು ಒಪ್ಪಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಕೋಲು ಹಿಡಿದು ಹೆದರಿಸುವುದಷ್ಟೇ ಬಲವಂತವಲ್ಲ, ಹಸಿವೂ ಬಲವಂತವೇ.

ಬುದ್ಧರ ದಾರಿಯೂ ಇದೇ. ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಒಬ್ಬ ರಾಜ ಪ್ರಜೆಗಳಿಗೆ ಕಾವಲು ಕೊಟ್ಟ, ಆದರೆ ಇಲ್ಲದವರಿಗೆ ಧನ ಕೊಡಲಿಲ್ಲ. ಅಲ್ಲಿಂದ ಬಡತನ ಬೆಳೆಯಿತು, ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಸುಳ್ಳು. ಗಮನಿಸಿ, ಶೀಲ ಕೆಟ್ಟ ಕಥೆಯನ್ನು ಬುದ್ಧರು ಕಳ್ಳನಿಂದ ಶುರು ಮಾಡುವುದಿಲ್ಲ, ಕೊಡದ ರಾಜನಿಂದ ಶುರು ಮಾಡುತ್ತಾರೆ. ಸಿಗಾಲೋವಾದ ಸುತ್ತದಲ್ಲಿ ಯಜಮಾನನ ಐದು ಕರ್ತವ್ಯಗಳಿವೆ: ಶಕ್ತಿಗೆ ತಕ್ಕ ಕೆಲಸ ಕೊಡುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆಯಾದಾಗ ನೋಡಿಕೊಳ್ಳುವುದು, ವಿಶೇಷ ತಿನಿಸು ಹಂಚುವುದು, ಸಕಾಲಕ್ಕೆ ರಜೆ ಕೊಡುವುದು. ಕೊರೊನಾ ಬಂದವರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದ್ದನ್ನು ನೋಡಿದ ಮೇಲೆ ಮೂರನೆಯದನ್ನು ಓದಿದರೆ ಎರಡೂವರೆ ಸಾವಿರ ವರ್ಷ ಹಳೆಯದು ಅನಿಸುವುದಿಲ್ಲ. ನಮ್ಮಲ್ಲಿ ಅಂಗಡಿ ಇಟ್ಟವರು, ಗುತ್ತಿಗೆ ಮಾಡುವವರು, ಮನೆಗೆಲಸಕ್ಕೆ ಜನ ಇಟ್ಟವರು ಇದ್ದಾರೆ. ಸಮ್ಯಕ್ ಆಜೀವ ಅವರಿಗೂ ಸೇರಿದ್ದು.

ಬಾಬಾಸಾಹೇಬರೇ ಒಂದು ಮಹಾಮಾರಿಯ ಕಾಲದಲ್ಲಿ ಕೆಲಸ ಹುಡುಕಿದವರು ಎಂಬುದನ್ನೂ ನೆನೆಯೋಣ. 1917ರಲ್ಲಿ ಬರೋಡಾದಲ್ಲಿ ಹುದ್ದೆ ಇತ್ತು, ಆದರೆ ಇರಲು ಮನೆ ಸಿಗಲಿಲ್ಲ, ಕಚೇರಿಯ ಜವಾನರೂ ದೂರ ನಿಂತರು. ಮುಂಬೈಗೆ ಮರಳಿದರು. ಷೇರು ವ್ಯವಹಾರದ ಸಲಹೆ ಕೊಡುವ ಕೆಲಸ ಶುರು ಮಾಡಿದರು, ಜಾತಿ ತಿಳಿದ ಮೇಲೆ ಗಿರಾಕಿಗಳು ನಿಂತರು. ಅದರ ಮರುವರ್ಷ, 1918ರಲ್ಲಿ, ಇನ್‌ಫ್ಲುಯೆಂಜಾ ಮುಂಬೈಯನ್ನು ಹಿಡಿಯಿತು. ಅಂದಿನ ನಗರದ ಲೆಕ್ಕದಲ್ಲಿ ‘ಕೆಳಜಾತಿ’ ಎಂದು ಬರೆದವರಲ್ಲಿ ಸತ್ತವರು ಸಾವಿರಕ್ಕೆ 61ಕ್ಕೂ ಹೆಚ್ಚು, ಉಳಿದ ಹಿಂದೂಗಳಲ್ಲಿ ಸುಮಾರು 19, ಯುರೋಪಿನವರಲ್ಲಿ ಸುಮಾರು 8. ರೋಗಕ್ಕೆ ಜಾತಿ ಇಲ್ಲ, ಆದರೆ ಮನೆಗೆ, ನೀರಿಗೆ, ಊಟಕ್ಕೆ ಇತ್ತು. ಆ ವರ್ಷದ ನವೆಂಬರ್‌ನಲ್ಲಿ ಅವರಿಗೆ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ತಾತ್ಕಾಲಿಕ ಹುದ್ದೆ, ತಿಂಗಳಿಗೆ 450 ರೂಪಾಯಿ. ಅಲ್ಲೂ ಅವರು ನೀರಿನ ಹೂಜಿ ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಅವರು ಉಳಿಸಿದ ದುಡ್ಡಿನಿಂದ 1920ರಲ್ಲಿ ಓದು ಮುಗಿಸಲು ಲಂಡನ್ನಿಗೆ ಹೋದರು. ಅದಕ್ಕಾಗಿ ರಮಾಬಾಯಿ ತಾಯಿ ಹೊಟ್ಟೆ ಬಟ್ಟೆ ಕಟ್ಟಿ ಸಂಸಾರ ನಡೆಸಿದರು. ಶಾಹು ಮಹಾರಾಜರು ನೆರವಾದರು, ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. ಅಂಥ ಮಹಾ ಪ್ರತಿಭೆಯ ಹಿಂದೆಯೂ ಒಂದಿಷ್ಟು ಜನ ನಿಂತಿದ್ದರು.

ಆದ್ದರಿಂದ, ಕೆಲಸ ಹುಡುಕುತ್ತಿರುವ ತಮ್ಮ ತಂಗಿಯರಿಗೆ ನನ್ನ ಮಾತು ಇಷ್ಟು. ಕೆಲಸ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ನನ್ನ ಮೂಲಕ ಯಾರಿಗಾದರೂ ನೋವು, ಮೋಸ ಆಗುತ್ತದೆಯೇ? ಇದು ನನ್ನ ಓದು ನೋಡಿ ಬಂತೋ, ಓಣಿ ನೋಡಿ ಬಂತೋ? ಮೊದಲನೆಯದಕ್ಕೆ ‘ಆಗುತ್ತದೆ’ ಎಂಬ ಉತ್ತರ ಬಂದರೆ, ಸಾಧ್ಯವಾದರೆ ಬಿಡಿ. ಬಿಡಲಾಗದಿದ್ದರೆ ನಮ್ಮ ಹೋಟೆಲಿನ ಆ ಹೆಣ್ಣುಮಗಳ ಹಾಗೆ ಒಂದು ಗೆರೆ ಹಾಕಿಕೊಳ್ಳಿ, ಬೇರೆ ಕೆಲಸ ಹುಡುಕುತ್ತಲೇ ಇರಿ. ಎರಡನೆಯದಕ್ಕೆ ‘ಓಣಿ ನೋಡಿ’ ಎಂದಾದರೆ ಕಾಗದದ ಮೇಲೆ ಕೂಲಿ, ಪಿಎಫ್, ರಕ್ಷಣೆಯ ಸಾಮಾನು ಕೇಳಿ, ಒಬ್ಬರೇ ಕೇಳಬೇಡಿ, ಜೊತೆಗೆ ಕೇಳಿ. ಗುದ್ದಲಿ ಹಿಡಿಯಲು ನಾಚಬೇಡಿ.

ಸಂಬಳ ಬರುತ್ತಿರುವ ಉಳಿದವರಿಗೆ, ನನ್ನನ್ನೂ ಸೇರಿಸಿ, ಮೂರನೆಯ ಪ್ರಶ್ನೆ: ಅವರು ‘ಬೇಡ’ ಎನ್ನಬೇಕಾದಾಗ ಅವರ ಹಿಂದೆ ನಾವು ಇರುತ್ತೇವೆಯೇ? ಅಕ್ಕಿ ಕೊಡದೆ ಶೀಲ ಬೋಧಿಸುವುದು ಸುಲಭದ ಕೆಲಸ. ಈ ಭಾನುವಾರ ಮೂರು ವಿಷಯ ನಿರ್ಧರಿಸೋಣ. ಕೆಲಸವಿರುವ ಪ್ರತಿ ಮನೆಯಿಂದ ತಿಂಗಳಿಗೆ 200 ರೂಪಾಯಿ, ಕೆಲಸ ಹೋದ ಮನೆಗೆ ಮೂರು ತಿಂಗಳ ರೇಷನ್. ಯಾರ ಆಫೀಸಿನಲ್ಲಿ ಜಾಗ ಖಾಲಿಯಾದರೂ ಅದೇ ದಿನ ಗುಂಪಿನಲ್ಲಿ ತಿಳಿಸುವುದು, ರೆಸ್ಯೂಮ್ ತಿದ್ದಿಕೊಡಲು ಇಬ್ಬರು. ಊರಿನಲ್ಲಿರುವವರಿಗೆ ಜಾಬ್ ಕಾರ್ಡ್ ಮಾಡಿಸಿ ಪಂಚಾಯಿತಿಗೆ ಅರ್ಜಿ ಹಾಕಿಸುವುದು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂಬುದು ಕಾನೂನು. ಸ್ವೀಕೃತಿ ರಸೀದಿ ಮರೆಯದೆ ಪಡೆಯಿರಿ.

‘ಸಂಘಂ ಶರಣಂ ಗಚ್ಛಾಮಿ’ ಎಂದು ದಿನವೂ ಹೇಳುತ್ತೇವೆ. ನಾವು ಶರಣು ಹೋಗುವ ಸಂಘ, ಕೆಲಸ ಕಳೆದುಕೊಂಡ ನಮ್ಮವರಿಗೆ ಶರಣು ಬರುವ ಜಾಗವೂ ಆಗಿದೆಯೇ? ಇಂದು ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಇದನ್ನು ಯೋಚಿಸಿ. ಆಮೇಲೆ ನಿಮಗೆ ಗೊತ್ತಿರುವ, ಕೆಲಸವಿಲ್ಲದ ಒಬ್ಬರಿಗೆ ಫೋನ್ ಮಾಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.

(ಓದಿದ ಮೇಲೆ ನಿಮ್ಮ ಓಣಿಯ, ವಿಹಾರದ ಗುಂಪುಗಳಿಗೂ ಕಳಿಸಿ.)